ಅರ್ಧ ಸ್ಯಾಕ್‌ನ ಹುಡುಗನಿಗೆ ಹತ್ತು ಕೋಟಿ ಡಾಲರ್: ಫಿಲಡೆಲ್ಫಿಯಾ ತನ್ನ ಯುವ ಲೈನ್‌ಮನ್‌ಗಳನ್ನು ಅಳೆಯುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ 2023ರ ಇಡೀ ಸೀಸನ್‌ನಲ್ಲಿ ಮಿಲ್ಟನ್ ವಿಲಿಯಮ್ಸ್ ಗಳಿಸಿದ್ದು ಅರ್ಧ ಸ್ಯಾಕ್. ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವಿದರೆ ಒಂದು ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ವಿಲಿಯಮ್ಸ್‌ಗೆ ಸಿಕ್ಕಿದ್ದು ಆ ಹಂಚಿಕೆಯ ಪಾಲು ಒಂದೇ. ಆಗ ಫಿಲಡೆಲ್ಫಿಯಾ ಈಗಲ್ಸ್ ತಂಡದಲ್ಲಿ ಅವನಿಗೆ ಮೂರನೇ ವರ್ಷ. ಅದಾಗಿ ಹದಿನೈದು ತಿಂಗಳು ಕಳೆಯುವುದರೊಳಗೆ, 2025ರ ಮಾರ್ಚ್‌ನಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವನಿಗೆ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್‌ಗಳ ಒಪ್ಪಂದ ಕೊಟ್ಟಿತು. ಈಗಲ್ಸ್‌ನಲ್ಲಿ ಕಳೆದ ನಾಲ್ಕು ಸೀಸನ್‌ಗಳ ಲೀಗ್ ಪಂದ್ಯಗಳಲ್ಲಿ ಅವನ ಒಟ್ಟು ಸ್ಯಾಕ್ ಹನ್ನೊಂದೂವರೆ. ಕೆಲವರು ಅಷ್ಟನ್ನು ಒಂದೇ ಸೀಸನ್‌ನಲ್ಲಿ ಮಾಡಿ ಮುಗಿಸುತ್ತಾರೆ.

ಪೇಟ್ರಿಯಟ್ಸ್‌ನವರಿಗೆ ತಲೆ ಕೆಟ್ಟಿರಲಿಲ್ಲ. ಸ್ಕೋರ್‌ಕಾರ್ಡ್‌ನಲ್ಲಿ ಕಾಣದ ಏನನ್ನೋ ಅವರು ಕೊಂಡರು. ಆ ಏನೋ ಯಾವುದು ಎನ್ನುವುದೇ ಯುವ ಡಿಫೆನ್ಸಿವ್ ಲೈನ್‌ಮನ್‌ಗಳ ಭವಿಷ್ಯ ಹೇಳಹೊರಟವರೆಲ್ಲ ಎದುರಿಸುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಈಗಲ್ಸ್‌ಗಿಂತ ಒಳ್ಳೆಯ ತಂಡ ಸಿಗುವುದು ಕಷ್ಟ. ಕೆಲವೇ ವರ್ಷಗಳಲ್ಲಿ ಅವರು ತಮ್ಮ ರಕ್ಷಣಾ ಸಾಲನ್ನು ಬಹುಮಟ್ಟಿಗೆ ಡ್ರಾಫ್ಟ್‌ನಿಂದಲೇ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ವಾರ್ಷಿಕ ಪ್ರಕ್ರಿಯೆ) ಹೊಸದಾಗಿ ಕಟ್ಟಿದರು, ಆ ಸಾಲಿನ ಬಲದಿಂದಲೇ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು, ಈಗ ಅದನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾರೆ.

ಅಮೆರಿಕನ್ ಫುಟ್‌ಬಾಲ್ ಅಷ್ಟಾಗಿ ನೋಡದವರಿಗೆ ಎರಡು ಮಾತು. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಒಂದೊಂದನ್ನೂ ಡೌನ್ ಅನ್ನುತ್ತಾರೆ. ಎದುರಿನ ಸಾಲಿನಲ್ಲಿ ಕೈ ನೆಲಕ್ಕೂರಿ ಕೂರುವ ದೈತ್ಯರೇ ಡಿಫೆನ್ಸಿವ್ ಲೈನ್. ನಡುವೆ ನಿಲ್ಲುವವರು ಟ್ಯಾಕಲ್‌ಗಳು, ಅಂಚಿನಲ್ಲಿ ನಿಲ್ಲುವವರು ಎಡ್ಜ್ ಆಟಗಾರರು. ಚೆಂಡು ಹಿಡಿದು ಓಡುವವನ ದಾರಿ ಮುಚ್ಚುವುದು, ಎಸೆಯುವವನ ಮೇಲೆ ಮುಗಿಬೀಳುವುದು ಇವರ ಕೆಲಸ. ಈ ಎರಡು ಕೆಲಸಗಳಿಗೆ ಬೇಕಾದ ದೇಹವೂ ಬೇರೆ, ಬುದ್ಧಿಯೂ ಬೇರೆ. ಎರಡನ್ನೂ ಬಲ್ಲ ಇಪ್ಪತ್ತೊಂದರ ಹುಡುಗ ಸಿಗುವುದು ಅಪರೂಪ.

ಅಭಿಮಾನಿಗಳು ಮೊದಲು ನೋಡುವುದು ಸ್ಯಾಕ್ ಲೆಕ್ಕ. ಈ ತಂಡಗಳೆಲ್ಲ ಆಡುವ ಲೀಗ್ ಎನ್‌ಎಫ್‌ಎಲ್ ಅದನ್ನು ಅಧಿಕೃತವಾಗಿ ಎಣಿಸಲು ಶುರುಮಾಡಿದ್ದು 1982ರಲ್ಲಿ. ಅಂದಿನಿಂದ ಲೈನ್‌ಮನ್‌ನ ಬೆಲೆಯೆಂದರೆ ಆ ಒಂದು ಅಂಕಿ ಎಂಬಂತಾಗಿದೆ. ಅದು ಎಷ್ಟು ದಾರಿ ತಪ್ಪಿಸುತ್ತದೆ ಎಂದು ತಿಳಿಯಲು 2025ರ ಫೆಬ್ರವರಿ 9ರಂದು ನ್ಯೂ ಆರ್ಲಿನ್ಸ್‌ನಲ್ಲಿ ನಡೆದ ಸೂಪರ್ ಬೌಲ್ ಸಾಕು. ಈಗಲ್ಸ್ 40-22ರಿಂದ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು ಸೋಲಿಸಿತು. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರು ಸಲ ಕೆಡವಿತು. ಅಷ್ಟಕ್ಕೂ ರಕ್ಷಣಾ ಕೋಚ್ ವಿಕ್ ಫ್ಯಾಂಜಿಯೋ ಆ ದಿನ ಬ್ಲಿಟ್ಜ್ ಮಾಡಲೇ ಇಲ್ಲ, ಅಂದರೆ ಹಿಂದಿನ ಸಾಲಿನಿಂದ ಹೆಚ್ಚುವರಿ ಆಟಗಾರರನ್ನು ಮುನ್ನುಗ್ಗಿಸಲಿಲ್ಲ. ಮುಂದಿನ ನಾಲ್ವರೇ ಎಲ್ಲ ಕೆಲಸ ಮಾಡಿದರು. ಜೋಶ್ ಸ್ವೆಟ್‌ಗೆ ಎರಡೂವರೆ ಸ್ಯಾಕ್, ವಿಲಿಯಮ್ಸ್‌ಗೆ ಎರಡು, ಜೋರ್ಡನ್ ಡೇವಿಸ್‌ಗೆ ಒಂದು, ಹೊಸಬ ಜೇಲಿಕ್ಸ್ ಹಂಟ್‌ಗೆ ಅರ್ಧ. ಆ ಸಾಲಿನ ಅತ್ಯುತ್ತಮ ಆಟಗಾರ ಜೇಲನ್ ಕಾರ್ಟರ್‌ಗೆ ಸೊನ್ನೆ.

ಕಾರ್ಟರ್ ಅಂದು ಮಂಕಾಗಿರಲಿಲ್ಲ. ಚೀಫ್ಸ್ ಅವನ ಮೇಲೆ ಇಬ್ಬಿಬ್ಬರನ್ನು ಬಿಟ್ಟಿತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರು ತಡೆಗಾರರಲ್ಲಿ ಇಬ್ಬರು ಒಬ್ಬನಿಗೇ ಅಂಟಿಕೊಂಡರೆ ಉಳಿದ ಮೂವರು ಒಬ್ಬೊಬ್ಬರನ್ನೇ ಎದುರಿಸಬೇಕು. ವಿಲಿಯಮ್ಸ್‌ಗೆ ದಾರಿ ತೆರೆದುಕೊಂಡಿದ್ದು ಅಲ್ಲಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವನು ಮಹೋಮ್ಸ್‌ನ ಕೈಯಿಂದ ಚೆಂಡನ್ನು ಹೊಡೆದು ಬೀಳಿಸಿ, ತಾನೇ ಅದನ್ನು ಅಪ್ಪಿಕೊಂಡ. ಒಂದು ತುದಿಯಿಂದ ಬೌಲರ್ ಒಂದೂ ರನ್ ಬಿಟ್ಟುಕೊಡದೆ ಕಟ್ಟಿಹಾಕಿದರೆ ವಿಕೆಟ್ ಬೀಳುವುದು ಇನ್ನೊಂದು ತುದಿಯಲ್ಲಿ ಎನ್ನುವುದನ್ನು ಕ್ರಿಕೆಟ್ ನೋಡುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸ್ಯಾಕ್ ಬಿಟ್ಟು ನೋಡಬೇಕಾದ್ದೇನು? ನನ್ನ ಮಟ್ಟಿಗೆ ಮೊದಲ ಅಂಕಿ, ಆಟಗಾರ ಎಷ್ಟು ಸ್ನ್ಯಾಪ್ ಆಡಿದ ಎನ್ನುವುದು. ಎರಡನೆಯದು, ಆ ಸ್ನ್ಯಾಪ್‌ಗಳು ಯಾವ ಡೌನ್‌ನವು ಎನ್ನುವುದು. ಸ್ನ್ಯಾಪ್ ಎಂದರೆ ಚೆಂಡು ಆಟಕ್ಕೆ ಬರುವ ಒಂದೊಂದು ಸಲ. ಒಂದೂವರೆ ಕ್ವಿಂಟಲ್ ತೂಕದ ಮನುಷ್ಯ ಪ್ರತಿ ಸ್ನ್ಯಾಪ್‌ಗೂ ಅಷ್ಟೇ ತೂಕದ ಇನ್ನೊಬ್ಬನಿಗೆ ಗುದ್ದಿಕೊಳ್ಳುತ್ತಾನೆ. ಎಲ್ಲ ಆಟವನ್ನೂ ಆಡಲು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ತಂಡಗಳು ಟ್ಯಾಕಲ್‌ಗಳನ್ನು ಸರದಿಯ ಮೇಲೆ ಕಳಿಸುತ್ತವೆ. ಯಾರನ್ನು ಎಷ್ಟು ಹೊತ್ತು ಮೈದಾನದಲ್ಲಿ ಬಿಡಬೇಕು ಎಂದು ತೀರ್ಮಾನಿಸುವವರು ವಾರವಿಡೀ ಅವನನ್ನು ಅಭ್ಯಾಸದಲ್ಲಿ ನೋಡಿದ ಕೋಚ್‌ಗಳು. ಟಿವಿಯಲ್ಲಿ ಕಾಣದ್ದು ಅವರ ಕಣ್ಣಿಗೆ ಬಿದ್ದಿರುತ್ತದೆ. ಮಾತಿನಲ್ಲಿ ಯಾರನ್ನು ಬೇಕಾದರೂ ಹೊಗಳಬಹುದು. ಸ್ನ್ಯಾಪ್ ಕೊಡುವಾಗ ಸುಳ್ಳು ನಡೆಯುವುದಿಲ್ಲ, ಏಕೆಂದರೆ ಸೋತರೆ ಕೆಲಸ ಹೋಗುವುದು ಅವರದೇ.

ಡೌನ್ ಏಕೆ ಮುಖ್ಯ ಎಂದರೆ, ಮೊದಲ ಡೌನ್‌ನಲ್ಲಿ ಎದುರಾಳಿ ಓಡಲೂಬಹುದು, ಎಸೆಯಲೂಬಹುದು. ಮೂರನೇ ಡೌನ್‌ನಲ್ಲಿ ಇನ್ನೂ ಎಂಟು ಗಜ ಬಾಕಿ ಇದ್ದರೆ ಎಸೆಯುವುದು ಬಹುತೇಕ ಖಚಿತ. ಆಗ ಮೈದಾನದಲ್ಲಿ ಉಳಿಯುವವನು ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯಬಲ್ಲ ಎಂಬ ನಂಬಿಕೆ ಗಳಿಸಿದವನು. ಅವನಿಗೆ ಸಿಗುವ ಸಂಬಳವೂ ಆ ನಂಬಿಕೆಯ ಲೆಕ್ಕದಲ್ಲೇ.

ಕಾರ್ಟರ್ 2024ರಲ್ಲಿ ತಂಡದ ರಕ್ಷಣಾ ಸ್ನ್ಯಾಪ್‌ಗಳಲ್ಲಿ ಶೇ 80ಕ್ಕೂ ಹೆಚ್ಚು ಆಡಿದ. ಒಬ್ಬ ಟ್ಯಾಕಲ್‌ಗೆ, ಅದೂ ಎರಡನೇ ವರ್ಷದವನಿಗೆ, ಇದು ಮೈ ಮುರಿಯುವ ಪ್ರಮಾಣ. ಸ್ಯಾಕ್ ಮಾತ್ರ ಮೊದಲ ವರ್ಷದ ಆರರಿಂದ ನಾಲ್ಕೂವರೆಗೆ ಇಳಿಯಿತು. ಅಂಕಿ ಹಿಡಿದು ಕೂತವರು ಹುಡುಗ ಹಿಂದೆ ಬಿದ್ದ ಎನ್ನಬಹುದಿತ್ತು. ಆ ವರ್ಷವೇ ಅವನಿಗೆ ಆಲ್-ಪ್ರೋ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯ ಎರಡನೇ ತಂಡದಲ್ಲಿ ಜಾಗ ಸಿಕ್ಕಿತು. 2025ರ ಜನವರಿ 19ರಂದು ಫಿಲಡೆಲ್ಫಿಯಾದಲ್ಲಿ ಹಿಮ ಸುರಿಯುತ್ತಿದ್ದಾಗ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ನಡೆದ ಪ್ಲೇಆಫ್ (ನಾಕೌಟ್ ಹಂತದ) ಪಂದ್ಯ ನೆನಪಿದ್ದವರಿಗೆ ಕಾರಣ ಗೊತ್ತು. ಈಗಲ್ಸ್ 28-22 ಮುಂದಿತ್ತು. ಚೆಂಡು ಹಿಡಿದ ರ‍್ಯಾಮ್ಸ್ ಈಗಲ್ಸ್‌ನ ಗೋಲ್ ಗೆರೆಯಿಂದ ಹದಿಮೂರು ಗಜ ದೂರದಲ್ಲಿ, ಗಡಿಯಾರದಲ್ಲಿ ಒಂದು ನಿಮಿಷ ಮತ್ತು ಚಿಲ್ಲರೆ. ಮೂರನೇ ಡೌನ್, ಬೇಕಾದ್ದು ಎರಡೇ ಗಜ. ದಿನವಿಡೀ ಗುದ್ದಾಡಿ ಸುಸ್ತಾಗಿರಬೇಕಿದ್ದ ಕಾರ್ಟರ್ ನಡುವಿನಿಂದ ನುಗ್ಗಿ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ನನ್ನು ಒಂಬತ್ತು ಗಜ ಹಿಂದಕ್ಕೆ ಕೆಡವಿದ. ನಾಲ್ಕನೇ ಡೌನ್‌ನ ಎಸೆತ ಯಾರ ಕೈಗೂ ಸಿಗಲಿಲ್ಲ. ಕೊನೆಯ ಗಳಿಗೆಯಲ್ಲಿ ಕಾಲಲ್ಲಿ ಕಸುವು ಉಳಿದಿದೆಯೇ ಎಂಬುದನ್ನು ಯಾವ ಅಳತೆಪಟ್ಟಿಯೂ ಮುಂಚಿತವಾಗಿ ತೋರಿಸುವುದಿಲ್ಲ.

ಅಳತೆಪಟ್ಟಿಗಳಿಗೆ ಕೊರತೆಯೇನೂ ಇಲ್ಲ. ಆಟಗಾರರ ಭುಜದ ಪ್ಯಾಡ್‌ಗಳಲ್ಲಿ ಈಗ ಚಿಪ್ ಇರುತ್ತದೆ. ಎರಡೂವರೆ ಸೆಕೆಂಡಿನೊಳಗೆ ತನ್ನ ತಡೆಗಾರನನ್ನು ಯಾರು ಎಷ್ಟು ಸಲ ಗೆದ್ದ, ಎಷ್ಟು ಸಲ ಇಬ್ಬರು ಸೇರಿ ಅವನನ್ನು ತಡೆದರು ಎಂಬ ಲೆಕ್ಕವೆಲ್ಲ ಸಿಗುತ್ತದೆ. ಸ್ಯಾಕ್‌ಗಿಂತ ಇವು ಎಷ್ಟೋ ನಂಬಲರ್ಹ. ಸ್ಯಾಕ್ ಆಗಬೇಕಾದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಡಿದು ನಿಲ್ಲಬೇಕು, ಹಿಂದಿನ ಸಾಲಿನವರು ಅವನಿಗೆ ಎಸೆಯಲು ಜಾಗ ಕೊಡಬಾರದು. ಇವೆರಡೂ ಲೈನ್‌ಮನ್‌ನ ಕೈಯಲ್ಲಿಲ್ಲ. ತಡೆಗಾರನನ್ನು ಗೆಲ್ಲುವುದು ಮಾತ್ರ ಅವನದೇ. ವಿಲಿಯಮ್ಸ್‌ನ ಬೆಲೆ ಏರಿದ್ದು ಈ ಲೆಕ್ಕದಿಂದ. 2024ರಲ್ಲಿ ಅವನ ಸ್ಯಾಕ್ ಐದೇ; ಆದರೆ ಪಾಳಿಯ ಮೇಲೆ ಸಿಕ್ಕ ಸೀಮಿತ ಅವಕಾಶಗಳಲ್ಲೇ ಅವನು ಕ್ವಾರ್ಟರ್‌ಬ್ಯಾಕ್‌ಗಳನ್ನು ಪದೇಪದೇ ಕಂಗೆಡಿಸಿದ್ದ.

ಡ್ರಾಫ್ಟ್‌ಗೂ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆಯದು ಇನ್ನೊಂದು ಕತೆ. ಹುಡುಗರ ಎತ್ತರ, ತೂಕ, ತೋಳಿನ ಉದ್ದ, ನಲವತ್ತು ಗಜದ ಓಟ ಎಲ್ಲವನ್ನೂ ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡುತ್ತಾರೆ. 2022ರಲ್ಲಿ ಜೋರ್ಡನ್ ಡೇವಿಸ್ ಅಲ್ಲಿ ಎಲ್ಲರ ಬಾಯಿ ಮುಚ್ಚಿಸಿದ. ಆರು ಅಡಿ ಆರು ಇಂಚು, 341 ಪೌಂಡ್, ಅಂದರೆ ಸುಮಾರು 155 ಕೆಜಿ. ನಲವತ್ತು ಗಜ ಓಡಿದ್ದು 4.78 ಸೆಕೆಂಡಿನಲ್ಲಿ. ಈಗಲ್ಸ್ ಎರಡು ಸ್ಥಾನ ಮೇಲೇರಿ 13ನೇ ಆಯ್ಕೆಯಲ್ಲಿ ಅವನನ್ನು ಹಿಡಿಯಿತು. ಮೊದಲ ಮೂರು ಸೀಸನ್‌ಗಳಲ್ಲಿ ಅವನ ಸ್ಯಾಕ್: ಸೊನ್ನೆ, ಎರಡೂವರೆ, ಒಂದು. 2024ರಲ್ಲಿ ಅರ್ಧಕ್ಕಿಂತ ಕಡಿಮೆ ಸ್ನ್ಯಾಪ್ ಆಡಿದ. ಮೂರನೇ ಡೌನ್ ಬಂತೆಂದರೆ ಬೆಂಚಿಗೆ. ದಮ್ಮು ಸಾಲದು ಎಂಬ ದೂರು ಮೊದಲಿನಿಂದಲೂ ಇತ್ತು.

ಆದರೂ 2025ರ ಏಪ್ರಿಲ್‌ನಲ್ಲಿ ತಂಡ ಅವನ ಐದನೇ ವರ್ಷದ ಆಯ್ಕೆಯನ್ನು ಎತ್ತಿಕೊಂಡಿತು. ಮೊದಲ ಸುತ್ತಿನ ಆಟಗಾರರಿಗೆ ಮಾತ್ರ ಅನ್ವಯಿಸುವ ನಿಯಮ ಇದು. ನಾಲ್ಕು ವರ್ಷದ ಮೊದಲ ಒಪ್ಪಂದಕ್ಕೆ ಇನ್ನೊಂದು ವರ್ಷ ಸೇರಿಸಬೇಕೇ ಬೇಡವೇ ಎಂದು ತಂಡ ಮೂರನೇ ಸೀಸನ್ ಮುಗಿದ ಮೇಲೆ, ಮೇ ತಿಂಗಳ ಆರಂಭದೊಳಗೆ ಹೇಳಬೇಕು. ಹೌದೆಂದರೆ ಆ ವರ್ಷದ ಹಣ ಖಾತ್ರಿ. ಡೇವಿಸ್ ವಿಷಯದಲ್ಲಿ ಅದು ಸುಮಾರು 1.3 ಕೋಟಿ ಡಾಲರ್. ಮೂರು ವರ್ಷಕ್ಕೆ ಮೂರೂವರೆ ಸ್ಯಾಕ್ ಮಾಡಿದವನಿಗೆ ಇಷ್ಟು ಹಣವೇ ಎಂದು ಹುಬ್ಬೇರಿಸಿದವರು ಫ್ಯಾಂಜಿಯೋ ಅವರ ಪದ್ಧತಿಯನ್ನು ನೋಡಿದ್ದು ಸಾಲದು. ಅವರು ಇಬ್ಬರು ಸೇಫ್ಟಿಗಳನ್ನು, ಅಂದರೆ ಉದ್ದದ ಎಸೆತಗಳಿಗೆ ಕೊನೆಯ ಕಾವಲುಗಾರರನ್ನು, ಹಿಂದೆ ಆಳದಲ್ಲಿ ನಿಲ್ಲಿಸುತ್ತಾರೆ. ಹಾಗೆ ಮಾಡಿದಾಗ ಮುಂದೆ ಓಟ ತಡೆಯಲು ಜನ ಕಡಿಮೆ ಬೀಳುತ್ತಾರೆ. ಆ ಕೊರತೆ ತುಂಬಲು ನಟ್ಟನಡುವೆ ಇಬ್ಬರ ತಳ್ಳಾಟಕ್ಕೂ ಕದಲದ ಒಬ್ಬ ಬೇಕು. ಡೇವಿಸ್ ಗಾಯಗೊಂಡು ಹೊರಗೆ ಕೂತ 2022ರ ಆ ವಾರಗಳಲ್ಲೇ ಈಗಲ್ಸ್‌ಗೆ ಅವನ ಬೆಲೆ ಗೊತ್ತಾಗಿತ್ತು. ಓಟ ತಡೆಯಲಾಗದೆ ತಂಡ ಹಳೆ ಹುಲಿಗಳಾದ ಲಿನ್ವಾಲ್ ಜೋಸೆಫ್ ಮತ್ತು ಎನ್‌ಡಾಮುಕಾಂಗ್ ಸೂ ಅವರನ್ನು ಸೀಸನ್ ನಡುವೆಯೇ ಕರೆತರಬೇಕಾಯಿತು.

ಕಂಬೈನ್ ಸುಳ್ಳು ಹೇಳಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬಂದಿದ್ದು ತಡವಾಗಿ. 2025ರ ಬೇಸಿಗೆಯಲ್ಲಿ ಡೇವಿಸ್ ತೂಕ ಇಳಿಸಿಕೊಂಡು ಬಂದ. ಸೆಪ್ಟೆಂಬರ್ 21ರಂದು ರ‍್ಯಾಮ್ಸ್ ವಿರುದ್ಧದ ಪಂದ್ಯದ ಕಟ್ಟಕಡೆಯ ಆಟದಲ್ಲಿ ಫೀಲ್ಡ್ ಗೋಲ್ ಒದೆತವನ್ನು (ಕಂಬಗಳ ನಡುವೆ ಚೆಂಡು ಒದ್ದು ಅಂಕ ಗಳಿಸುವ ಯತ್ನ) ಕೈಯಿಂದ ತಡೆದು, ಚೆಂಡೆತ್ತಿಕೊಂಡು 61 ಗಜ ಓಡಿ ಎದುರಾಳಿಯ ಗೋಲ್ ಗೆರೆ ದಾಟಿ ಟಚ್‌ಡೌನ್ ಮಾಡಿದ. ವೇಗ ಗಂಟೆಗೆ 18 ಮೈಲಿಗೂ ಹೆಚ್ಚು. ಅದೇ ಪಂದ್ಯದಲ್ಲಿ ಕಾರ್ಟರ್ ಕೂಡ ಒಂದು ಒದೆತ ತಡೆದಿದ್ದ. ಸ್ಯಾಕ್ ಪಟ್ಟಿಯಲ್ಲಿ ಇವೆರಡಕ್ಕೂ ಜಾಗವಿಲ್ಲ.

ಸಣ್ಣ ಮೈಯವರ ಕತೆ ಇದಕ್ಕೆ ವಿರುದ್ಧ. ನೋಲನ್ ಸ್ಮಿತ್ 2023ರಲ್ಲಿ 30ನೇ ಆಯ್ಕೆಯಾಗಿ ಬಂದಾಗ 238 ಪೌಂಡ್. ಎಡ್ಜ್ ಆಟಗಾರನಿಗೆ ಅದು ಕಡಿಮೆ, ಓಟ ತಡೆಯುವಾಗ ಒದ್ದು ಬಿಸಾಡುತ್ತಾರೆ ಎಂದರು. ಓಡಿದ್ದು ಮಾತ್ರ 4.39 ಸೆಕೆಂಡಿನಲ್ಲಿ. ಮೊದಲ ವರ್ಷ ಒಂದೇ ಸ್ಯಾಕ್, ಎರಡನೇ ವರ್ಷ ಆರೂವರೆ, ಅದರ ಮೇಲೆ ಪ್ಲೇಆಫ್‌ನಲ್ಲಿ ನಾಲ್ಕು. ಆ ಹೊತ್ತಿಗೆ ಓಟ ತಡೆಯುವುದರಲ್ಲೂ ಗಟ್ಟಿಗ ಎನಿಸಿಕೊಂಡಿದ್ದ. ಲೀಗ್‌ನ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ ಬೇಕೆಂದರೆ ಏರನ್ ಡೊನಾಲ್ಡ್ ಇದ್ದಾನೆ: ಗಿಡ್ಡ ಎಂಬ ಕಾರಣಕ್ಕೆ 2014ರಲ್ಲಿ 13ನೇ ಸ್ಥಾನದವರೆಗೆ ಉಳಿದವನು ಮೂರು ಸಲ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನಾದ. ಆದರೆ ಡೊನಾಲ್ಡ್‌ನ ಹೆಸರು ಹೇಳಿಕೊಂಡು ಪ್ರತಿ ಗಿಡ್ಡ ಟ್ಯಾಕಲ್‌ನನ್ನೂ ಆರಿಸಿದರೆ ತಂಡ ಮುಳುಗುತ್ತದೆ.

ಕೋಣೆಯೊಳಗೆ ಕೂತವರಿಗೇ ಒಮ್ಮತ ಇರುವುದಿಲ್ಲ ಎನ್ನುವುದನ್ನು 2021ರ ಡ್ರಾಫ್ಟ್‌ನಲ್ಲಿ ಟಿವಿ ಕ್ಯಾಮೆರಾ ಹಿಡಿದುಬಿಟ್ಟಿತು. ಈಗಲ್ಸ್ 70ನೇ ಸ್ಥಾನದಿಂದ 73ಕ್ಕೆ ಇಳಿದು ವಿಲಿಯಮ್ಸ್‌ನನ್ನು ಆರಿಸಿದಾಗ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಖುಷಿಯಿಂದ ಮುಷ್ಟಿ ಚಾಚಿದರೆ ಹಿರಿಯ ಸಲಹೆಗಾರ ಟಾಮ್ ಡೊನಹೋ ಅವರ ಮುಖ ಗಂಟಿಕ್ಕಿತ್ತು. ಅವರಿಗೆ ಬೇಕಿದ್ದ ಅಲಿಮ್ ಮೆಕ್‌ನೀಲ್ ಒಂದು ಸ್ಥಾನ ಮೊದಲೇ ಡೆಟ್ರಾಯಿಟ್ ಪಾಲಾಗಿದ್ದ ಎಂದು ಆಮೇಲೆ ಸುದ್ದಿಯಾಯಿತು. ಆ ವಿಡಿಯೊ ಇಟ್ಟುಕೊಂಡು ವರ್ಷಗಟ್ಟಲೆ ನಕ್ಕರು. ಕೊನೆಗೆ ನೋಡಿದರೆ ಇಬ್ಬರ ಎಣಿಕೆಯೂ ಸರಿ. ಮೆಕ್‌ನೀಲ್ ಕೂಡ ಡೆಟ್ರಾಯಿಟ್‌ನಲ್ಲಿ ದೊಡ್ಡ ಒಪ್ಪಂದ ಗಿಟ್ಟಿಸಿದ.

ಎರಡು ವರ್ಷಕ್ಕೇ ತೀರ್ಪು ಕೊಡುವವರಿಗೆ ಫಿಲಡೆಲ್ಫಿಯಾದ ಚರಿತ್ರೆಯಲ್ಲೇ ಒಂದು ಜೋಡಿ ಇದೆ. 2010ರಲ್ಲಿ ಈಗಲ್ಸ್ ಮೇಲೇರಿ 13ನೇ ಸ್ಥಾನದಲ್ಲಿ ಬ್ರಾಂಡನ್ ಗ್ರಹಾಂನನ್ನು ಆರಿಸಿತು. ಮುಂದಿನ ಸ್ಥಾನದಲ್ಲಿ ಸಿಯಾಟಲ್ ಆರಿಸಿದ ಅರ್ಲ್ ಥಾಮಸ್ ಬೇಗನೆ ತಾರೆಯಾದ. ಗ್ರಹಾಂ ಮೊದಲ ವರ್ಷ ಮೂರು ಸ್ಯಾಕ್ ಮಾಡಿ ಮೊಣಕಾಲು ಮುರಿದುಕೊಂಡ. ಎರಡನೇ ವರ್ಷ ಆಡಿದ್ದು ಮೂರೇ ಪಂದ್ಯ. ಎರಡು ವರ್ಷಕ್ಕೆ ಮೂರು ಸ್ಯಾಕ್. ಊರಿನ ಅಭಿಮಾನಿಗಳು ಅವನನ್ನು ದಂಡಪಿಂಡ ಎಂದೇ ಬರೆದುಹಾಕಿದ್ದರು. 2014ರ 26ನೇ ಆಯ್ಕೆ ಮಾರ್ಕಸ್ ಸ್ಮಿತ್ ಎರಡು ವರ್ಷಕ್ಕೆ ಮಾಡಿದ್ದು ಒಂದೂವರೆ. ಸ್ಯಾಕ್ ಪಟ್ಟಿಯಲ್ಲಿ ಇಬ್ಬರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ವ್ಯತ್ಯಾಸ ಇದ್ದದ್ದು ಮೈದಾನಕ್ಕೆ ಇಳಿಸಿದ ಹೊತ್ತಿನಲ್ಲಿ. ಗ್ರಹಾಂನನ್ನು ಕಾಲು ಸರಿಯಿದ್ದಾಗಲೆಲ್ಲ ಆಡಿಸಿದರು. ಮಾರ್ಕಸ್ ಸ್ಮಿತ್ ಮೊದಲ ವರ್ಷವೇ ಜಾಗ ಬದಲಾಯಿಸಿಕೊಂಡು, ಲೈನ್‌ನ ಹಿಂದೆ ನಿಲ್ಲುವ ಒಳಗಿನ ಲೈನ್‌ಬ್ಯಾಕರ್ ಆಗಿ ಅಭ್ಯಾಸ ಮಾಡಬೇಕಾಯಿತು, ಮೈ ಸರಿಯಿದ್ದೂ ಬೆಂಚ್ ಕಾದ. 2017ರಲ್ಲಿ ತಂಡ ಅವನನ್ನು ಕೈಬಿಟ್ಟಿತು. 2018ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಟಾಮ್ ಬ್ರೇಡಿಯ ಕೈಯಿಂದ ಚೆಂಡು ಉದುರಿಸಿದವನು ಗ್ರಹಾಂ. ಒಂದು ಸೀಸನ್‌ನಲ್ಲಿ ಹತ್ತು ಸ್ಯಾಕ್ ದಾಟಿದ್ದು ಮಾತ್ರ 2022ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೆ.

ಪದ್ಧತಿ ಬದಲಾದರೂ ಅಂಕಿ ಏರುಪೇರಾಗುತ್ತದೆ. ಫ್ಲೆಚರ್ ಕಾಕ್ಸ್ 2012ರಲ್ಲಿ ಮೊದಲ ವರ್ಷವೇ ಐದೂವರೆ ಸ್ಯಾಕ್ ಮಾಡಿದ್ದ. 2013ರಲ್ಲಿ ಹೊಸ ಕೋಚ್‌ಗಳು ಬಂದು, ನುಗ್ಗುವ ಮೊದಲು ತಡೆಗಾರನನ್ನು ಹಿಡಿದು ಅವನ ಎರಡೂ ಬದಿಯ ಸಂದು ಕಾಯುವ ಕೆಲಸ ಕೊಟ್ಟರು. ಸ್ಯಾಕ್ ಮೂರಕ್ಕೆ ಇಳಿಯಿತು. ಆಟಗಾರ ಕೆಟ್ಟಿರಲಿಲ್ಲ, ಅವನಿಗೆ ಕೊಟ್ಟ ಕೆಲಸ ಬೇರೆಯಾಗಿತ್ತು.

ಇದೆಲ್ಲ ಒಂದು ತೂಕವಾದರೆ ಹಣ ಮತ್ತು ಸರದಿಯದು ಇನ್ನೊಂದು. 2025ರಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ 27.92 ಕೋಟಿ ಡಾಲರ್. ಆ ಮಿತಿಯೊಳಗೆ ಎಲ್ಲರನ್ನೂ ಉಳಿಸಿಕೊಳ್ಳುವುದು ಸಾಧ್ಯವಿಲ್ಲ. ಸೂಪರ್ ಬೌಲ್ ಗೆದ್ದ ತಿಂಗಳೊಪ್ಪತ್ತಿನಲ್ಲೇ ವಿಲಿಯಮ್ಸ್ ಹೋದ, ಸ್ವೆಟ್ ಅರಿಜೋನಾಗೆ ಹೋದ. ಅವರು ಬಿಟ್ಟ ಜಾಗದಲ್ಲೇ ಹಿಂದೆ ಕೂತವರ ಹಣೆಬರಹ ತೆರೆಯಬೇಕು. ಮೋರೋ ಒಜೋಮೋ 2023ರ ಏಳನೇ ಸುತ್ತಿನಲ್ಲಿ 249ನೇ ಆಯ್ಕೆ. ಅಲ್ಲಿಂದಾಚೆ ಹತ್ತೇ ಹೆಸರು ಬಾಕಿ ಇದ್ದವು. ನೈಜೀರಿಯಾದಲ್ಲಿ ಹುಟ್ಟಿದ ಅವನು ಬಂದಾಗ ಇನ್ನೂ 21ರ ಹುಡುಗ. ಎರಡು ವರ್ಷ ಸ್ಯಾಕ್ ಪಟ್ಟಿಯಲ್ಲಿ ಅವನ ಹೆಸರನ್ನು ಯಾರೂ ಹುಡುಕಲಿಲ್ಲ. ಆದರೆ 2024ರಲ್ಲಿ ಅವನು ಸರದಿಯ ಖಾಯಂ ಸದಸ್ಯನಾಗಿದ್ದ, ಅದೇ ಸುಳಿವು. 2025ರಲ್ಲಿ ವಿಲಿಯಮ್ಸ್‌ನ ಪಾಳಿ ಸಿಕ್ಕಿದಾಗ ಆರು ಸ್ಯಾಕ್ ಮಾಡಿದ. ಜೇಲಿಕ್ಸ್ ಹಂಟ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಿಂದಿನ ಸಾಲಿನ ಸೇಫ್ಟಿಯಾಗಿದ್ದವನು, ಆಮೇಲೆ ಹ್ಯೂಸ್ಟನ್ ಕ್ರಿಶ್ಚಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಎಡ್ಜ್ ಆಟಗಾರನಾದ. 2025ರ ಅಕ್ಟೋಬರ್‌ನಲ್ಲಿ ಮಿನೆಸೋಟ ವಿರುದ್ಧ ನುಗ್ಗುವ ಹಾಗೆ ನಟಿಸಿ ಹಿಂದೆ ಸರಿದು ಕಾರ್ಸನ್ ವೆಂಟ್ಜ್‌ನ ಎಸೆತ ಹಿಡಿದು ಟಚ್‌ಡೌನ್‌ಗೆ ಓಡಿದಾಗ ಹಳೆಯ ಸೇಫ್ಟಿ ಎದ್ದು ಕಂಡ.

ಹಾಗಂತ ಈಗಲ್ಸ್‌ನ ಎಣಿಕೆ ಪೂರ್ತಿ ಫಲಿಸಿತು ಎನ್ನಲಾಗದು. ಅಂಚಿನಲ್ಲಿ ಜನ ಸಾಲದೆ ನವೆಂಬರ್‌ನಲ್ಲಿ ಡ್ರಾಫ್ಟ್‌ನ ಮೂರನೇ ಸುತ್ತಿನ ಆಯ್ಕೆಯ ಸರದಿ ಕೊಟ್ಟು ಮಯಾಮಿಯಿಂದ ಜೇಲನ್ ಫಿಲಿಪ್ಸ್‌ನನ್ನು ತಂದರು. ಮಾರ್ಚ್‌ನಲ್ಲಿ ನಿವೃತ್ತಿ ಘೋಷಿಸಿದ್ದ ಗ್ರಹಾಂ ಅಕ್ಟೋಬರ್‌ನಲ್ಲಿ ಮರಳಿ ಬಂದು, ಮೂವತ್ತೇಳರ ಪ್ರಾಯದಲ್ಲಿ ಒಳಗಿನ ಟ್ಯಾಕಲ್ ಜಾಗದಲ್ಲಿ ಗುದ್ದಾಡಿದ. ಹುಡುಗರ ಮೇಲೆ ಅಷ್ಟು ಭರವಸೆ ಇದ್ದಿದ್ದರೆ ಇವೆರಡೂ ಬೇಕಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಕಾರ್ಟರ್‌ನದೇ. 2023ರ ಡ್ರಾಫ್ಟ್‌ನಲ್ಲಿ ಅವನು ಒಂಬತ್ತನೇ ಸ್ಥಾನದವರೆಗೆ ಉಳಿದದ್ದು ಆಟದ ಕಾರಣಕ್ಕಲ್ಲ. 2023ರ ಜನವರಿಯಲ್ಲಿ ಅವನ ಕಾಲೇಜು ತಂಡವಾದ ಜಾರ್ಜಿಯಾದ ಒಬ್ಬ ಆಟಗಾರ ಮತ್ತು ಒಬ್ಬ ಸಿಬ್ಬಂದಿ ಕಾರು ಅಪಘಾತದಲ್ಲಿ ಸತ್ತರು. ಕಾರ್ಟರ್ ಬೇರೆ ವಾಹನದಲ್ಲಿದ್ದ. ರೇಸಿಂಗ್ ಮತ್ತು ಅಜಾಗರೂಕ ಚಾಲನೆಯ ಲಘು ಆರೋಪಗಳನ್ನು ನ್ಯಾಯಾಲಯದಲ್ಲಿ ಅವನು ಎದುರಿಸಿ ವಾದಿಸಲಿಲ್ಲ. ದಂಡ ಮತ್ತು ಒಂದು ವರ್ಷದ ಪ್ರೊಬೇಷನ್ ಆಯಿತು. ಆಮೇಲೆ ಸ್ಕೌಟ್‌ಗಳ ಮುಂದೆ ಓಡಬೇಕಾದ ದಿನ ತೂಕ ಏರಿಸಿಕೊಂಡು ಬಂದು ಅಭ್ಯಾಸ ಪೂರ್ತಿ ಮಾಡಲಾಗದೆ ನಿಂತ. ಈಗಲ್ಸ್ ಒಂದು ಸ್ಥಾನ ಮೇಲೇರಿ ಅವನನ್ನು ತಂದುಕೊಂಡು ಹಿರಿಯರ ನಡುವೆ ಕೂರಿಸಿತು. ಎರಡು ವರ್ಷ ಅದು ಸರಿಹೋಯಿತು. 2025ರ ಸೆಪ್ಟೆಂಬರ್ 4ರಂದು ಸೀಸನ್‌ನ ಮೊದಲ ಪಂದ್ಯದ ಮೊದಲ ಸೆಕೆಂಡುಗಳಲ್ಲೇ ಡ್ಯಾಲಸ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಮೇಲೆ ಉಗುಳಿ ಮೈದಾನದಿಂದ ಹೊರಬಿದ್ದ. ಡಿಸೆಂಬರ್‌ನಲ್ಲಿ ಎರಡೂ ಭುಜಗಳಿಗೆ ಚಿಕಿತ್ಸೆ ಮಾಡಿಸಿಕೊಂಡು ಕೆಲವು ಪಂದ್ಯ ತಪ್ಪಿಸಿಕೊಂಡ. 2024ರಲ್ಲಿ ಶೇ 80ರಷ್ಟು ದುಡಿಸಿದ್ದರ ಬಿಲ್ಲೇ ಇದು ಎಂದು ಸಾಬೀತು ಮಾಡಲಾಗದು, ಆದರೆ ಹಾಗೆ ಶಂಕಿಸಲು ಕಾರಣವಿದೆ. ಸ್ನ್ಯಾಪ್ ನಂಬಿಕೆಯ ಅಳತೆ ಎಂದೆನಲ್ಲ. ಅದು ಸವೆತದ ಅಳತೆಯೂ ಹೌದು. ವರ್ಷಕ್ಕೆ ಮೂರು ಕೋಟಿ ಡಾಲರ್ ಕೇಳಬಲ್ಲ ಟ್ಯಾಕಲ್‌ಗೆ ದೀರ್ಘ ಒಪ್ಪಂದ ಕೊಡುವ ಮೊದಲು ರೋಸ್‌ಮನ್ ಭುಜದ ಸ್ಕ್ಯಾನ್‌ಗಳನ್ನು ಸ್ಯಾಕ್ ಪಟ್ಟಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ.

ಇನ್ನು ಟೈ ರಾಬಿನ್‌ಸನ್. 2025ರ ನಾಲ್ಕನೇ ಸುತ್ತಿನಲ್ಲಿ ಬಂದವನು, ಮೊದಲ ವರ್ಷ ಸಿಕ್ಕ ಆಟ ಅಷ್ಟಕ್ಕಷ್ಟೇ. ಒಜೋಮೋಗೂ ಮೊದಲ ವರ್ಷ ಹೀಗೇ ಆಗಿತ್ತು, ಕಾಯೋಣ ಎನ್ನುವವರಿದ್ದಾರೆ. ಆದರೆ ಒಜೋಮೋ ಬಂದದ್ದು ಮೈ ಇನ್ನೂ ಬಲಿಯುತ್ತಿದ್ದ ವಯಸ್ಸಿನಲ್ಲಿ. ರಾಬಿನ್‌ಸನ್ ನೆಬ್ರಾಸ್ಕಾದಲ್ಲಿ ಆರು ವರ್ಷ ಕಳೆದು ಬಲಿತೇ ಬಂದವನು. ಎರಡನೇ ವರ್ಷವೂ ಮೂರನೇ ಡೌನ್‌ನಲ್ಲಿ ಅವನು ಬೆಂಚಿನ ಮೇಲೇ ಕಂಡರೆ, ಕಾಯುವುದಕ್ಕೆ ನನಗಂತೂ ಕಾರಣ ತೋರುವುದಿಲ್ಲ.